ಬೈಗುಳದ ನಿಜಾಂಕ

ಜರಡಿ ಬಂದಾಗ ಊರಿಗೆ ಊರೇ ಅದಕ್ಕೆ ಕೈ ಮುಗಿದಿತ್ತು. ಮುಗಿಯದೆ ಏನು ಮಾಡೀತು? ಅದಕ್ಕೂ ಮುಂಚಿನ ನಾಲ್ಕು ವರ್ಷ ಫೋನು ಎತ್ತಿದರೆ ಸಾಕು, ತೀರಿಕೊಂಡ ಅಪ್ಪನ ದನಿಯಲ್ಲಿ ಯಂತ್ರವೊಂದು "ಮಗಾ, ಹೆಂಗದೀ?" ಎಂದು ಕೇಳಿ, ಎರಡು ನಿಮಿಷ ಅಳಿಸಿ, ಮೂರನೆಯ ನಿಮಿಷಕ್ಕೆ ಮಂಡಿನೋವಿನ ಎಣ್ಣೆ ಮಾರುತ್ತಿತ್ತು. ಹೆಂಡತಿಯ ನಂಬರಿನಿಂದ, ಹೆಂಡತಿಯದೇ ದನಿಯಲ್ಲಿ, ಸೀರೆ ಅಂಗಡಿಯ ಯಂತ್ರ ಮುನಿಸಿಕೊಳ್ಳುತ್ತಿತ್ತು. ನಂಬರು ನಂಬುವ ಹಾಗಿಲ್ಲ, ದನಿ ನಂಬುವ ಹಾಗಿಲ್ಲ. ಬರಹದ ಸಂದೇಶವನ್ನಂತೂ ಜನ ಓದುವುದನ್ನೇ ಬಿಟ್ಟಿದ್ದರು.

ಜರಡಿ ಬಂದದ್ದು ಆಗ. ಯಾರು ಮಾತಾಡಿದರು ಎಂಬುದನ್ನು ಅದು ನೋಡುವುದಿಲ್ಲ, ಮಾತಿನ ನೇಯ್ಗೆಯನ್ನು ನೋಡುತ್ತದೆ. ಉಸಿರು ಎಲ್ಲಿ ತಡೆಯಿತು, ಯಾವ ಶಬ್ದ ಎರಡು ಸಲ ಬಂತು, ಕೇಳಿಕೊಳ್ಳುವ ಮುಂಚೆ ಎಷ್ಟು ಹೊತ್ತು ಸುಮ್ಮನಿದ್ದರು, ಇದನ್ನೆಲ್ಲ ಅಳೆದು ನೂರಕ್ಕೆ ಇಷ್ಟು ಎಂದು ಒಂದು ಅಂಕ ಕೊಡುತ್ತದೆ. ಅದರ ಹೆಸರು ನಿಜಾಂಕ. ಫೋನು ಮಾಡಿದವರು ಮೊದಲ ಒಂದೆರಡು ಮಾತನ್ನು ಜರಡಿಗೆ ಹೇಳಬೇಕು. ಅರವತ್ತು ದಾಟಿದರೆ ಆಚೆ ಕಡೆ ಗಂಟೆ ಬಾರಿಸುತ್ತದೆ. ದಾಟದಿದ್ದರೆ ಒಂದು ಹೆಣ್ಣುದನಿ ನಯವಾಗಿ "ಧನ್ಯವಾದ" ಎನ್ನುತ್ತದೆ, ಲೈನು ಸಾಯುತ್ತದೆ. ಮಾತಿನ ನಡುವೆ ಅಂಕ ಇಳಿದರೂ ಅಷ್ಟೇ. ಫೋನಿನಲ್ಲಿ ಜರಡಿ, ಕಚೇರಿ ಕಿಂಡಿಯಲ್ಲಿ ಜರಡಿ, ಆಂಬುಲೆನ್ಸ್ ಲೈನಿನಲ್ಲೂ ಜರಡಿ. ಬೀದಿಯಲ್ಲಿ ಓಡಾಡುವ ಮಂದಿ ಕಿವಿಗೆ ಸಿಕ್ಕಿಸಿಕೊಳ್ಳುವ ಗುಂಡಿಯಲ್ಲೂ ಅದೇ, ಅದು ಒದ್ದ ಮಾತು ಅವರ ಕಿವಿಗೆ ಬೀಳುವುದಿಲ್ಲ.

ಹೀಗಾಗಿ ಮಾರುವವರ ಬಾಯಿ ಬಂದಾಯಿತು. ಹುಬ್ಬಳ್ಳಿಯ ಒಂದು ಜಾಹೀರಾತು ಕಂಪನಿಯ ಮೂರನೆಯ ಮಹಡಿಯಲ್ಲಿ, ದೊಡ್ಡ ದೊಡ್ಡ ಡಿಗ್ರಿ ಓದಿದ ಹತ್ತು ಮಂದಿ ಕೂತು ಬೆಣ್ಣೆಯಂಥ ಸಾಲು ಬರೆಯುತ್ತಿದ್ದರು. ಆಫೀಸಿನಲ್ಲೇ ಇದ್ದ ಪರೀಕ್ಷೆಯ ಜರಡಿ ಅವಕ್ಕೆಲ್ಲ ಹದಿನೆಂಟು, ಇಪ್ಪತ್ತೊಂದು, ಹದಿನಾಲ್ಕು ಎಂದು ಉಗಿಯುತ್ತಿತ್ತು. ಅಲ್ಲಿಗೆ ಬಂದವನು ಫಕ್ಕೀರೇಶ. ಬ್ಯಾಡಗಿಯವನು. ಏಳನೆಯ ಇಯತ್ತೆಯಲ್ಲಿ ಮಾಸ್ತರರು ಹೊಡೆದ ಕಪಾಳದ ಏಟಿಗೆ ಪಾಟಿಚೀಲ ಅಲ್ಲೇ ಎಸೆದು ಬಂದವನು ತಿರುಗಿ ಸಾಲೆಯ ಕಡೆ ಕಾಲಿಟ್ಟಿರಲಿಲ್ಲ. ಆಟೋಕ್ಕೆ ಮೈಕು ಕಟ್ಟಿಕೊಂಡು ಓಣಿ ಓಣಿ ಕೂಗುವುದು ಅವನ ಕಸುಬು. ಮಂದಿಯ ಕಿವಿಗುಂಡಿ ದಾಟಿ ಅವನ ಕೂಗು ಮಾತ್ರ ಒಳಗೆ ಹೋಗುತ್ತದೆಂದು ಸುದ್ದಿಯಾಗಿ, ಕಂಪನಿಯ ಮುಖ್ಯಸ್ಥೆ ವಿಭಾ ದೇಸಾಯಿ ಅವನನ್ನು ಹುಡುಕಿಸಿ ಕರೆಸಿದ್ದರು.

ಮೊದಲ ದಿನ ಅವರು ಹೆಲ್ಮೆಟ್ಟೊಂದನ್ನು ಮೇಜಿನ ಮೇಲಿಟ್ಟರು.

"ನಿಮ್ಮವ್ವ ನಿಮಗ ಹೆಲ್ಮೆಟ್ ಹಾಕ್ಕೋ ಅಂತ ಹೆಂಗ ಹೇಳ್ತಾರ್ರಿ?"

"ಹೇಳೂದಿಲ್ಲರೀ. ಬೈತಾಳ."

"ಹಂಗಾರ ಬೈರಿ."

ಫಕ್ಕೀರೇಶ ಒಮ್ಮೆ ಸುತ್ತ ನೋಡಿದ. ಡಿಗ್ರಿಯವರೆಲ್ಲ ತುಟಿ ಕಚ್ಚಿ ನಗುತ್ತಿದ್ದರು. ಆ ನಗು ಅವನಿಗೆ ಹೊಸದಲ್ಲ, ಏಳನೆಯ ಇಯತ್ತೆಯಿಂದ ನೋಡಿದ್ದೇ. ಸಿಟ್ಟು ನೆತ್ತಿಗೇರಿ, ಮೈಕಿನ ಮುಂದೆ ಬಾಗಿ ಅವ್ವನ ಹಾಗೆಯೇ ಶುರುಮಾಡಿದ.

"ಏ ಖೋಡಿ! ತೆಲಿ ಅಂದ್ರ ಏನ್ ಕುಂಬಳಕಾಯಿ ಮಾಡೀಯೇನೋ? ಒಡದ್ರ ಸಂತ್ಯಾಗ ಇನ್ನೊಂದ ಸಿಗೂದಿಲ್ಲೋ ಭಾಡ್ಯಾ! ಹಾಕ್ಕೋ ಅಂದ್ನಿ, ಹಾಕ್ಕೋ. ನಿನ್ನ ಹೆಣಾ ನಾ ಹೊರಾಕಿಲ್ಲ ಮತ್ತ."

ಜರಡಿಯ ಮುಳ್ಳು ಎದ್ದು ತೊಂಬತ್ತೇಳಕ್ಕೆ ನಿಂತಿತು. ನಗುತ್ತಿದ್ದವರ ತುಟಿ ಅಲ್ಲೇ ಅಂಟಿಕೊಂಡಿತು.

ಜರಡಿ ನೋಡಿಕೊಳ್ಳುವ ಶಂಶುದ್ದೀನ ಅವನ ಬೆನ್ನು ತಟ್ಟಿದ. "ಗೆದ್ದಿ ಭಾಯ್. ಇದಕ್ಕೇನ್ ಖರೇ ಸುಳ್ಳು ಗೊತ್ತಾಗೂದಿಲ್ಲ, ತಿಳೀತಾ? ಹಿಂದಿನ ನಲವತ್ತ ದಿನದಾಗ ಎಂಥೆಂಥಾ ಮಾತಿನಿಂದ ಮಾಲು ಮಾರ್ಯಾರು, ಅಷ್ಟ ಗೊತ್ತು ಇದಕ್ಕ. ಅದರಂಗ ಕೇಳಿಸಿದ್ರ ಒದೀತೈತಿ. ಇಲ್ಲೀತನಾ ಎಲ್ಲಾರೂ ಸಕ್ಕರಿ ಹಾಕಿ ಮಾರ್ಯಾರು. ಬೈದು ಮಾರಿದಾಂವ ಹುಟ್ಟೇ ಇರಲಿಲ್ಲ."

ಮುಂದೆ ಒಂದೂವರೆ ವರ್ಷ ಫಕ್ಕೀರೇಶ ಬೈದ, ಜರಡಿ ಒಂದು ಬಗೆ ಕಲಿಯುವಷ್ಟರಲ್ಲಿ ಇನ್ನೊಂದು ಬಗೆಯಲ್ಲಿ ಬೈದ. ಕುಕ್ಕರಿಗೆ ಬೈದ, ಸೊಳ್ಳೆಬತ್ತಿಗೆ ಬೈದ, ವಿಮೆಗೆ, ಚಪ್ಪಲಿಗೆ, ಹಲ್ಲುಪುಡಿಗೆ ಬೈದ. ಅವ್ವ ಎಲ್ಲಿ ಉಸಿರು ಎಳೆಯುತ್ತಾಳೆ, ಎಲ್ಲಿ ಮಾತು ಕಡಿದು ಕೆಮ್ಮುತ್ತಾಳೆ, ಬೈಯುತ್ತ ಬೈಯುತ್ತ ಯಾವ ಗಳಿಗೆಯಲ್ಲಿ ದನಿ ತಗ್ಗಿಸಿ "ಉಂಡ್ಯೋ ಇಲ್ಲೋ" ಎನ್ನುತ್ತಾಳೆ, ಅದನ್ನೆಲ್ಲ ಕಾಗದಕ್ಕಿಳಿಸಿದ. ಬೇರೆ ಕಂಪನಿಗಳೂ ಹಿಂದೆ ಬಿದ್ದವು. ಧಾರವಾಡದಿಂದ ದಾವಣಗೆರೆಯವರೆಗೆ ಅಂಗಡಿಯ ಬಾಗಿಲು ಬಾಗಿಲಿಗೂ ಒಬ್ಬ ತಾಯಿ ನಿಂತು ಹಾದಿಹೋಕರನ್ನು ಬೈಯತೊಡಗಿದಳು. ಜನ ನಿಂತು ಕೇಳಿದರು. ಕೆಲವರು ಕಣ್ಣೊರೆಸಿಕೊಂಡು ಕುಕ್ಕರು ಕೊಂಡರು.

ಅವನ ಅವ್ವ ನಿಂಬವ್ವ ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸು. ಮೂವತ್ತು ವರ್ಷ ಆ ಘಾಟಿನಲ್ಲಿ ಕೂತು ಅವಳ ಗಂಟಲು ಒಣಗಿದ ತೊಗಲಿನಂತಾಗಿತ್ತು, ನಾಲ್ಕು ಮಾತಿಗೊಮ್ಮೆ ಕೆಮ್ಮು. ಮೆತ್ತಗೆ ಮಾತಾಡುವುದು ಅವಳಿಗೆ ಬರುತ್ತಲೇ ಇರಲಿಲ್ಲ. ಮಗನಿಗೆ ಜ್ವರ ಬಂದರೆ ಬೈಗುಳ, ಜ್ವರ ಇಳಿದರೂ ಬೈಗುಳ. ನೆರೆಯವಳು ಒಂದು ಬಟ್ಟಲು ಸಾರು ತಂದುಕೊಟ್ಟರೆ "ನಿನ್ನ ಕೈ ಸೇದಿ ಹೋಗ್ಲಿ, ಇಷ್ಟ್ಯಾಕ ತಂದೀ" ಎನ್ನುತ್ತಿದ್ದಳು. ಅದರ ಅರ್ಥ ಓಣಿಗೆಲ್ಲ ಗೊತ್ತಿತ್ತು.

ತಂಗಿ ಕಸ್ತೂರಿ ಕುಬಸ ಮುಗಿಸಿಕೊಂಡು ಹೆರಿಗೆಗೆಂದು ತವರಿಗೆ ಬಂದಾಗ ಫಕ್ಕೀರೇಶ ಊರಿಗೆ ಹೋದ. ತೊಟ್ಟು ಬಿಡಿಸುವ ಅಂಗಳದಲ್ಲಿ ಕೆಂಪು ಗುಡ್ಡೆಗಳ ನಡುವೆ ಹೆಂಗಸರು ಕೂತಿದ್ದರು. ಅವನನ್ನು ಕಂಡದ್ದೇ ಒಬ್ಬಳು ಕೂಗಿದಳು: "ನಿಂಬವ್ವಾ, ಬಂದ ನೋಡ ನಿನ್ನ ಬಾಯಿ ಮಾರಿದಾಂವ! ನಮ್ಮ ಮನ್ಯಾಗ ಕುಕ್ಕರ್ ಸುದ್ದಾ ನಿನ್ನಂಗ ಬೈತೈತಿ ಬೇ. ಸೀಟಿ ಹೊಡ್ಯೂ ಮುಂಚೆ 'ಏ ಖೋಡಿ' ಅಂತೈತಿ!"

"ಅನ್ಲಿ ಬಿಡ," ಎಂದಳು ನಿಂಬವ್ವ, ಸೆರಗಿನಿಂದ ಮೂಗು ಒರೆಸುತ್ತ. "ಇವಗ ಬಾಯಿ ಬಿಟ್ರ ಬ್ಯಾರೆ ಏನೂ ಇಲ್ಲ ಅಂತಿದ್ನಲ್ಲ ಆ ಮಾಸ್ತರ, ಅವನ ಮಾರಿಗಿಷ್ಟು ಹೋಗಿ ಹೇಳ್ರಿ. ಅದ ಬಾಯಿ ಈಗ ರೊಟ್ಟಿ ಹಾಕಾಕತ್ತೈತಿ." ಆಮೇಲೆ ಮಗನ ಕಡೆ ತಿರುಗಿ, "ಏನ್ ಹಂಗ ನಿಂತೀ ಕಂಬದಂಗ? ಎಲುಬು ಕಾಣಾಕತ್ತಾವ. ಹುಬ್ಬಳ್ಯಾಗ ಕೂಳ ಹಾಕೂದಿಲ್ಲೇನ ನಿನಗ, ಮೂಳಾ?"

ಫಕ್ಕೀರೇಶನಿಗೆ ಹೊಟ್ಟೆ ತಣ್ಣಗಾಯಿತು. ಅದೇ ಗಳಿಗೆಯಲ್ಲಿ, ಅವಳು 'ಮೂಳಾ' ಎನ್ನುವ ಮುಂಚೆ ಎಷ್ಟು ತಡೆದಳು ಎಂದು ಅವನ ತಲೆ ತನ್ನಷ್ಟಕ್ಕೆ ಅಳೆದುಕೊಂಡಿತು.

ಮನೆಗೆ ಹೋಗುವಾಗ ಕಸ್ತೂರಿ ಸಣ್ಣ ದನಿಯಲ್ಲಿ ಹೇಳಿದಳು. "ಅಣ್ಣಾ, ರೇಶನ್ ಅಂಗಡಿ ಕಿಂಡ್ಯಾಗ ಅವ್ವನ ಮಾತ ಹೋಗವಲ್ದು. ಮೂರ ಸಲ ಧನ್ಯವಾದ ಅಂತು, ಮುಚ್ಚಿಕೊಂತು. ಕಡೀಕ ನಾ ಹೋಗಿ ಹೇಳಿದ್ನಿ."

"ನೀ ಹೆಂಗ ಹೇಳಿದಿ?"

"'ಕಾರ್ಡು. ಇಬ್ಬರು. ಅಕ್ಕಿ.' ಅಷ್ಟ. ಈಗ ಎಲ್ಲಾರೂ ಹಂಗ ಮಾತಾಡೂದು."

ನಿಜ. ಪೇಟೆಯ ಮಂದಿ ಹೊಸ ಮಾತು ಕಲಿತಿದ್ದರು, ಚಪ್ಪಟೆ ಮಾತು. ಪ್ರೀತಿ, ಸಿಟ್ಟು, ಗಾಬರಿ ಯಾವುದರ ವಾಸನೆ ಹತ್ತಿದರೂ ಜರಡಿ ಎಲ್ಲಿ ಒದೆಯುತ್ತದೋ ಎಂಬ ಅಂಜಿಕೆಗೆ, ಮಾತನ್ನು ಒಣಗಿಸಿ, ಕತ್ತರಿಸಿ, ಒಂದೊಂದೇ ತುಂಡು ಮುಂದಿಡುತ್ತಿದ್ದರು. ಕಸ್ತೂರಿ ಅವ್ವನಿಗೆ ಕಲಿಸಲು ನೋಡಿದ್ದಳು. ನಿಂಬವ್ವ ನಕ್ಕು ಕೆಮ್ಮಿದ್ದಳು. "ಹೆಣಕ್ಕ ಚೀಟಿ ಕಟ್ಟಿದಂಗ ಮಾತಾಡ್ತೀರಲ್ಲ ಬೇ. ನನ್ನ ಬಾಯಾಗ ಅದು ಹೊಂಡೂದಿಲ್ಲ."

ಫಕ್ಕೀರೇಶನೂ ನಕ್ಕ. ಆ ಕಿಂಡಿಯದೇ ಏನೋ ದೋಷವಿರಬೇಕು ಎಂದುಕೊಂಡ. ಹಾಗೆ ಅಂದುಕೊಳ್ಳುವುದು ಸಲೀಸಾಗಿತ್ತು.

ತಿಂಗಳು ಕಳೆದ ಮೇಲೆ ಒಂದು ಬುಧವಾರ ಶಂಶುದ್ದೀನ ಅವನನ್ನು ಜರಡಿ ಕೋಣೆಗೆ ಕರೆದ. ಗೋಡೆಯ ಪರದೆಯ ಮೇಲೆ ಇಳಿಜಾರಿನ ಗೆರೆ.

"ನಿನ್ನ ಬೈಗುಳ. ತೊಂಬತ್ತೇಳು ಇತ್ತು. ಹೋದ ತಿಂಗಳು ಐವತ್ತೆಂಟು. ಇವತ್ತ ಹನ್ನೊಂದು. ಮುಗೀತು ಫಕ್ಕೀರಾ. ಜಗತ್ತೇ ಬೈದು ಮಾರಾಕತ್ತಿದ್ ಮ್ಯಾಲ ಜರಡಿ ಕಲೀದ ಬಿಡ್ತದೇನು?"

ಫಕ್ಕೀರೇಶ ಗೆರೆಯನ್ನೇ ನೋಡಿದ. "ಖರೇನ ಹಿಂಗ ಮಾತಾಡೂ ಮಂದಿ ಏನ್ ಮಾಡಬೇಕು?"

"ಬದಲಾಗಬೇಕು. ನಮ್ಮಮ್ಮಿ ಆಗ್ಯಾಳ. ದುವಾ ಮಾಡೂದೂ ಈಗ ಹಂಗ. 'ದೇವರು. ಆರೋಗ್ಯ. ಐದು ಜನ.'" ಶಂಶುದ್ದೀನ ನಗಲು ಹೋಗಿ ನಿಲ್ಲಿಸಿದ. "ನಿಮ್ಮವ್ವನ ಫೋನ್ ಬರ್ತಾವೇನು ನಿನಗ?"

ಬಂದಿರಲಿಲ್ಲ. ಇಪ್ಪತ್ತು ದಿನದಿಂದ ಬಂದಿರಲಿಲ್ಲ. ಇವನು ಮಾಡಿದಾಗಲೂ ಆಚೆಯಿಂದ ಒಂದು ಉಸಿರು, ಆಮೇಲೆ ಮೌನ, ಆಮೇಲೆ ಕಸ್ತೂರಿಯ ದನಿ: "ಅವ್ವ. ಚೆನ್ನಾಗಿ. ಅಣ್ಣಾ." ಅವ್ವ ಯಾತಕ್ಕೋ ಸಿಟ್ಟಾಗಿದ್ದಾಳೆ, ಹೋದಾಗ ಬೈಸಿಕೊಂಡರಾಯಿತು ಎಂದು ಅವನು ಸುಮ್ಮನಿದ್ದ. ಈಗ ಲೆಕ್ಕ ಹಾಕಿದ. ಕಸ್ತೂರಿಗೆ ಎಂಟನೆಯ ತಿಂಗಳು. ಗಂಡ ಲಾರಿ ತಗೊಂಡು ಗುಜರಾತಿಗೆ ಹೋದವನು. ಮನೆಯಲ್ಲಿ ಜೊತೆಗಿರುವವಳು ಒಬ್ಬಳೇ, ಆ ಒಬ್ಬಳ ಮಾತು ಯಾವ ತಂತಿಯಲ್ಲೂ ಹೋಗುವುದಿಲ್ಲ.

ನೆಟ್ಟಗೆ ದೇಸಾಯಿ ಮೇಡಂ ಮುಂದೆ ಹೋಗಿ ನಿಂತ. "ನಮ್ಮವ್ವನ ಮಾತು ವಾಪಸ್ ಕೊಡಸ್ರಿ."

"ಕೂಡ್ರಿ ಫಕ್ಕೀರೇಶ."

"ಕೂಡೂದಿಲ್ಲರೀ. ಜರಡಿಯವರಿಗೆ ಹೇಳ್ರಿ, ಬ್ಯಾಡಗ್ಯಾಗ ಒಬ್ಬಾಕಿ ಅದಾಳ, ಆಕಿ ಏನೂ ಮಾರೂದಿಲ್ಲ ಅಂತ ಹೇಳ್ರಿ."

"ಜರಡಿ ನಮ್ಮದಲ್ಲ. ಮತ್ತ ಅದಕ್ಕ ಆಕಿ ಈಕಿ ಅನ್ನೂದು ಗೊತ್ತಾಗಂಗಿಲ್ಲ, ಅದಕ್ಕ ಅಲ್ಲೇನ್ರಿ ಮಂದಿ ಅದನ್ನ ನಂಬೂದು?" ದೇಸಾಯಿ ಮೇಡಂ ದನಿ ಏರಿಸುವವರಲ್ಲ. "ಮಾತು ಅನ್ನೂದು ಯಾರೊಬ್ಬರ ಆಸ್ತಿನೂ ಅಲ್ಲ. ರವಿವಾರ ಊರಿಗೆ ಹೋಗಿ ಬರ್ರಿ. ಅಲ್ಲೀತನಾ ಹೊಟ್ಟು ಕೇಳ್ರಿ. ಹೊಸಾದೇನರ ಸಿಕ್ಕೀತು."

ಅವತ್ತೇ ಬಸ್ಸು ಹತ್ತಬೇಕಿತ್ತು. ಹತ್ತಲಿಲ್ಲ. ರವಿವಾರಕ್ಕೆ ನಾಲ್ಕೇ ದಿನ, ಕಸ್ತೂರಿಯ ದಿನ ತುಂಬಲು ಇನ್ನೂ ತಿಂಗಳಿದೆ ಎಂದು ತನಗೆ ತಾನೇ ಹೇಳಿಕೊಂಡ. ಆ ಮಾತಿನ ನಿಜಾಂಕ ಎಷ್ಟಿತ್ತೋ ಯಾರು ಅಳೆಯಬೇಕು.

ಹೊಟ್ಟು ಅಂದರೆ ಜರಡಿ ಒದ್ದು ಬಿಸಾಕಿದ ಮಾತು. ಜಿಲ್ಲೆ ಜಿಲ್ಲೆಯಿಂದ ಅದು ಒಂದೂವರೆ ತಾಸು ತಡವಾಗಿ ಕಂಪನಿಗೆ ಬರುತ್ತಿತ್ತು. ಎದುರಾಳಿಗಳು ಹೊಸದೇನು ಬರೆದಿದ್ದಾರೆ, ಯಾಕೆ ಬಿದ್ದರು ಎಂದು ತಿಳಿಯಬೇಕಲ್ಲ. ಕಾನೂನಿದೆ, ಯಾರ ಗುರುತೂ ಸಿಗಬಾರದು. ಅದಕ್ಕೆ ಎಲ್ಲರ ದನಿಯನ್ನೂ ಅರೆದು ಒಂದೇ ದನಿ ಮಾಡಿರುತ್ತಾರೆ, ಹೆಸರು ಬಂದಲ್ಲಿ 'ಟಿಂಗ್' ಎಂಬ ಗಂಟೆ. ಕೇಳುವವನು ಒಂದೊಂದಕ್ಕೂ ಗುಂಡಿ ಒತ್ತಬೇಕು: ಜಾಹೀರಾತು, ಅಥವಾ ಮನುಷ್ಯ. ಒತ್ತಿದ್ದು ತಿರುಗಿ ಜರಡಿಗೇ ಪಾಠವಾಗಿ ಹೋಗುತ್ತದೆ. ಫಕ್ಕೀರೇಶನ ಬೆರಳು ಆಫೀಸಿನಲ್ಲೇ ಚುರುಕು, ತಾಸಿಗೆ ಮುನ್ನೂರು.

ಗುರುವಾರ ಮಧ್ಯಾಹ್ನ ಊಟ ಮುಗಿಸಿ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಕೂತ. ಸೀಬೆಕಾಯಿ ಮಾರುವವನೊಬ್ಬ. ಜಾಹೀರಾತು. ಚೀಟಿ ಹಾಕಲು ಕರೆಯುವವಳೊಬ್ಬಳು. ಜಾಹೀರಾತು. ಆಮೇಲೆ ಆ ಅರೆದ ದನಿ ಹೇಳಿತು:

"ಏ ಯಪ್ಪಾ, ನಿಮ್ಮ ಕಣ್ಣ ಹೋಗ್ಲಿ, ಬರ್ರೋ ಲಗೂನ! ಹುಡುಗಿ ಹಾಸಿಗಿ ತುಂಬ ಕೆಂಪಾಗೇತಿ. ನಿಮಗ ಅಕ್ಕತಂಗೇರಿಲ್ಲೇನ್ರೋ, ಭಾಡ್ಯಾಗೋಳಾ..."

ಹಾಸಿಗೆ ತುಂಬ ಕೆಂಪು. ಚೆನ್ನಾಗಿದೆ, ಎಂದುಕೊಂಡ ಫಕ್ಕೀರೇಶ. ಹೆರಿಗೆ ವಿಮೆ ಇರಬೇಕು. ಬರೆದವನು ಧಾರವಾಡದವನು, ತನ್ನನ್ನು ಚಾಚೂ ತಪ್ಪದೆ ಕದ್ದಿದ್ದಾನೆ. ಒಳಗೆ ಸಣ್ಣಗೆ ಹೊಟ್ಟೆಕಿಚ್ಚಾಯಿತು. ಜಾಹೀರಾತು ಎಂದು ಒತ್ತಿ, ಷರಾ ಬರೆದ: 'ಕೆಮ್ಮಿನ ತಡೆ ಅತಿಯಾಯಿತು.'

ಮುಂದಿನದೂ ಆ ಧಾರವಾಡದವನದೇ.

"ಮತ್ತ ನಾನ. ಯಾಕ ಧನ್ಯವಾದ ಅಂತೀಯವಾ? ನಾ ನಿನಗೇನ ಕೊಟ್ಟೇನಿ? ಒಂದ ಗಾಡಿ ಕಳಸ ಅಂದ್ರ..."

ಫಕ್ಕೀರೇಶ ಗಟ್ಟಿಯಾಗಿ ನಕ್ಕ. ನಾ ನಿನಗೇನ ಕೊಟ್ಟೇನಿ! ಇಂಥ ಸಾಲು ತನಗೆ ಎಂದಾದರೂ ಹೊಳೆದಿತ್ತೇ? ಕಳ್ಳ, ಬಲೇ ಕಳ್ಳ. ಜಾಹೀರಾತು. ಒತ್ತಿದ.

ಮೂರನೆಯದು ಬಂತು.

"ನಾನು. ಮುದುಕಿ. ಮಗಳು. ಎಂಟು ತಿಂಗಳು. ರಗತ." ಒಂದು ಉದ್ದ ತಡೆ. "ಹಿಂಗ ಹೇಳು ಅಂತ ಟಿಂಗ್ ಹೇಳಿಕೊಟ್ಟಿದ್ಲು. ಈಗ ಆಕಿ ಬಾಯಿನ ಬಿಡವಲ್ಲಳು. ಎಂಟು ತಿಂಗಳು. ಗಾಡಿ. ಗಾಡಿ ಬೇಕು... ನಂಗ ಬರವಲ್ದೋ ಯಪ್ಪಾ. ನನ್ನ ಬಾಯಿ ಸುಟ್ಟ ಬರ್ಲಿ, ನಂಗ ಇದು ಬರವಲ್ದು..."

ಬೆರಳು ಗುಂಡಿಯ ಮೇಲೆ ನಿಂತಿತು. ಯಾವ ಕಾಪಿ ಬರೆಯುವವನೂ ಹೀಗೆ ಬರೆಯುವುದಿಲ್ಲ. ಬರೆಯಲು ಬರುವುದಿಲ್ಲ. ಬಾರದಿರುವುದನ್ನು ಯಾರು ಬರೆದಾರು? ಪರದೆಯ ಮೂಲೆ ನೋಡಿದ. ಬ್ಯಾಡಗಿ. ಹನ್ನೆರಡು ಗಂಟೆ ನಲವತ್ತು ನಿಮಿಷ. ಗೋಡೆಯ ಗಡಿಯಾರ ನೋಡಿದ. ಎರಡು ಹತ್ತು.

ಅವನು ಕೂಗಿದ ಕೂಗಿಗೆ ಶಂಶುದ್ದೀನ ಓಡಿ ಬಂದ. ಅಷ್ಟರಲ್ಲಿ ಫಕ್ಕೀರೇಶ ಕಸ್ತೂರಿಯ ನಂಬರು ಒತ್ತಿದ್ದ, ಎತ್ತುವವರಿಲ್ಲ. ಆಂಬುಲೆನ್ಸ್ ಲೈನು ಒತ್ತಿದ. "ಅಣ್ಣಾ, ನಮ್ಮ ತಂಗಿರೀ, ಬ್ಯಾಡಗ್ಯಾಗ, ನಿಮ್ಮ ಕಾಲಿಗೆ ಬೀಳ್ತೀನಿ, ಸಾಯ್ತಾಳ್ರೀ ಆಕಿ, ಎದ್ದ ಹೋಗ್ರೋ ಯಾರರ, ಏ ನಿಮ್ಮ..."

"ಧನ್ಯವಾದ."

"ಏ ಬೋಳೀ!" ಎಂದು ಫೋನಿಗೆ ಗುದ್ದಿದ. ಮತ್ತೆ ಒತ್ತಿದ. ಈ ಸಲ ಚಪ್ಪಟೆ ಮಾತು. "ಬ್ಯಾಡಗಿ. ಬಸುರಿ. ರಕ್ತ." ಮೂರನೆಯ ಶಬ್ದಕ್ಕೆ ದನಿ ಒಡೆಯಿತು. ಧನ್ಯವಾದ.

"ನಾ ಹೇಳ್ತೀನಿ ಕೊಡು," ಶಂಶುದ್ದೀನ ಫೋನು ಕಸಿದುಕೊಂಡು, ಕಣ್ಣು ಮುಚ್ಚಿ, ಒಂದೊಂದೇ ಶಬ್ದವನ್ನು ಕಲ್ಲಿನಂತೆ ಇಟ್ಟ. ಧನ್ಯವಾದ. ಇಬ್ಬರೂ ಪರೀಕ್ಷೆಯ ಜರಡಿಯ ಕಡೆ ಓಡಿದರು. ಅದೇ ಮಾತನ್ನು ಹಾಕಿದರು. ಐವತ್ತೆರಡು.

"ಔಷಧ ಕಂಪನ್ಯಾವ್ರು ಹೋದ ವಾರದಿಂದ ಚಪ್ಪಟಿ ಮಾತೂ ಹಿಡದಾರ," ಶಂಶುದ್ದೀನ ತಲೆ ಹಿಡಿದುಕೊಂಡ. "'ಬಸುರಿ', 'ರಕ್ತ' ಎರಡೂ ಸುಟ್ಟ ಹೋಗ್ಯಾವ."

"ಅಲ್ಲೇ ಯಾರರ ಮಂದಿ ಇರ್ತಾರಲ್ಲೋ! ಓಣ್ಯಾಗ!"

ಓಣಿಯಲ್ಲಿ ಯಾರಿದ್ದರು? ಗುರುವಾರ, ಮಾರುಕಟ್ಟೆಯ ದಿನ. ಹೆಂಗಸರೆಲ್ಲ ಅಂಗಳದಲ್ಲಿ. ನಿಂಬವ್ವ ಬೀದಿಗೆ ಬಂದು ಕೂಗಿರಲೇಬೇಕು. ಕೂಗಿದರೆ? ಆ ಬೀದಿಯ ಎರಡೂ ಮಗ್ಗುಲಿಗೆ ಅಂಗಡಿಗಳು, ಒಂದೊಂದು ಅಂಗಡಿಯ ಬಾಗಿಲಲ್ಲೂ ಒಬ್ಬ ತಾಯಿ, ಹಗಲೆಲ್ಲ ಬೈಗುಳ. ಅಷ್ಟು ತಾಯಂದಿರ ನಡುವೆ ಇನ್ನೊಬ್ಬಳು.

ಫಕ್ಕೀರೇಶ ಕಾಗದ ಎಳೆದುಕೊಂಡ. ಬರೆಯಬೇಕು. ತನಗೆ ಬರುವುದು ಇದೊಂದೇ. ಜಗತ್ತಿಗೆಲ್ಲ ಕುಕ್ಕರು ಮಾರಿದವನಿಗೆ ತಂಗಿಯ ಜೀವ ಮಾರಲು ಬರುವುದಿಲ್ಲವೇ? ಬೇಡಿಕೊಂಡು ಬರೆದ: ಹನ್ನೆರಡು. ಹೆದರಿಸಿ ಬರೆದ: ಮೂವತ್ತೊಂದು. ದೇವರ ಹೆಸರು ಹಾಕಿದ: ನಾಲ್ಕು. ಗಡಿಯಾರದಲ್ಲಿ ಎರಡು ಇಪ್ಪತ್ತು. ಬೆವರು ಕಾಗದದ ಮೇಲೆ ತೊಟ್ಟಿಕ್ಕಿತು. ಅಳು, ಸಿಟ್ಟು, ಪ್ರೀತಿ, ಭಯ, ಯಾವ ಬಾಗಿಲು ತಟ್ಟಿದರೂ ಮುಂಚೆಯೇ ಯಾರೋ ಅದರಿಂದ ಹೊಕ್ಕು ಮಾಲು ಮಾರಿ ಹೋಗಿದ್ದರು. ಎಷ್ಟೋ ಬಾಗಿಲಿಗೆ ಮೊದಲು ಹೋದವನು ಅವನೇ.

ಯಾವುದರಿಂದ ಇಲ್ಲಿಯವರೆಗೆ ಯಾರೂ ಏನನ್ನೂ ಮಾರಿಲ್ಲ?

ಅದು ಹೊಳೆದಾಗ ಅವನು ಪೆನ್ನು ಕೆಳಗಿಟ್ಟ, ಮತ್ತೆ ಎತ್ತಿಕೊಂಡ. ಬರೆದ. ಜರಡಿಯ ಮುಂದೆ ಹೇಳಿದ. ಐವತ್ತೇಳು. ಇನ್ನೂ ಒಂದು ಶಬ್ದ ಸೇರಿಸಿದ. ಎಂಬತ್ತೆಂಟು.

ಶಂಶುದ್ದೀನ ಮುಖ ಆಚೆ ತಿರುಗಿಸಿದ. ಫಕ್ಕೀರೇಶ ಆಂಬುಲೆನ್ಸ್ ಲೈನು ಒತ್ತಿ, ಕುರ್ಚಿಗೆ ಒರಗಿ, ಬಾಯಿ ಅಗಲ ಮಾಡಿ ಒಂದು ಆಕಳಿಕೆ ಎಳೆದ.

"ಆಂ... ಹಲೋ. ಬ್ಯಾಡಗ್ಯಾಗ ಯಾವಾಕಿಗೋ ರಗತ ಹೊಂಟೈತಂತ. ಬಸರಿ ಅಂತ ಕಾಣ್ತೈತಿ. ಬರೂದಿದ್ರ ಬರ್ರಿ, ಇಲ್ಲಂದ್ರ ಇರ್ಲಿ. ನನಗೇನ. ನಾ ಚಾ ಕುಡ್ಯಾಕ ಹೊಂಟೀನಿ."

ಆಚೆ ಗಂಟೆ ಬಾರಿಸಿತು. ಒಬ್ಬ ಗಂಡಸು ಎತ್ತಿದ. "ಎಲ್ಲಿ ಹೇಳ್ರಿ?"

"ಹಗ್ಗದ ಓಣಿ. ಹಿಟ್ಟಿನ ಗಿರಣಿ ಬಾಜೂಕ." ಇನ್ನೊಂದು ಕೈಯಿಂದ ಮೇಜಿನ ಅಂಚು ಹಿಡಿದಿದ್ದ.

"ನೀವ್ಯಾರ್ರಿ? ಆಕಿಗೆ ಏನಾಗಬೇಕು?"

ಅಣ್ಣ ಎಂದರೆ ದನಿ ಒಡೆಯುತ್ತದೆ, ಲೈನು ಸಾಯುತ್ತದೆ.

"ಏನೂ ಆಗಬೇಕಿಲ್ಲ," ಎಂದ ಫಕ್ಕೀರೇಶ. ಇನ್ನೊಮ್ಮೆ ಆಕಳಿಸಿದ.

"ಎಂಥಾ ಮಂದೀಪಾ," ಎಂದು ಆ ಮನುಷ್ಯ ಗೊಣಗಿದ. "ಗಾಡಿ ಹೊಂಟೈತಿ."

ಶಂಶುದ್ದೀನ ಆಫೀಸಿನ ಜೀಪು ತೆಗೆದ. ಹಾವೇರಿ ಇನ್ನೂ ಎಂಟು ಕಿಲೋಮೀಟರು ಇರುವಾಗ ದೇಸಾಯಿ ಮೇಡಂ ಫೋನು ಬಂತು.

"ತಂಗಿ ಹೆಂಗದಾರ ಫಕ್ಕೀರೇಶ? ಗಾಡಿ ಮುಟ್ಟೇತಂತ, ವಿಚಾರ ಮಾಡಿಸೀನಿ. ಧೈರ್ಯದಿಂದ ಇರ್ರಿ." ಸ್ವಲ್ಪ ಹೊತ್ತು ತಡೆದರು. ಆ ತಡೆ ನಿಜವಾದದ್ದೋ ಅಳತೆಯದ್ದೋ ಅವನಿಗೆ ತಿಳಿಯಲಿಲ್ಲ. "ನಮ್ಮ ಮಷೀನಿನ ಮ್ಯಾಲ ನೀವು ಹಾಕಿದ ಸಾಲು ನೋಡಿದೆ. ಎಂಬತ್ತೆಂಟು. ಆ 'ನನಗೇನ' ಅನ್ನೂದು ಅದ್ಭುತ. ವಿಮಾದವರಿಗೆ ನಾಳೆ ಕಳಸಬೇಕಂತ ಮಾಡೀನಿ. ಆಫೀಸಿನ ಮಷೀನಿನ ಮ್ಯಾಲ ಬಂದದ್ದು ಆಫೀಸಿನದ, ನಿಮಗೂ ಗೊತ್ತದ. ನೀವು ಆರಾಮ ಬರ್ರಿ."

ಅವರು ಫೋನು ಇಟ್ಟ ಮೇಲೆ ಅವನು ತಿರುಗಿ ಅವರಿಗೇ ಮಾಡಿದ. ಮೂವತ್ತು ವರ್ಷ ಮೆಣಸಿನ ಘಾಟು ಕುಡಿದ ಅವ್ವನ ಗಂಟಲಿನಿಂದ ಕಲಿತದ್ದು, ಆಟೋದ ಮೈಕಿನಲ್ಲಿ ಕೂಗಿದ್ದು, ಸಾಲೆಯ ಗೋಡೆಯ ಮೇಲೆ ಇದ್ದಿಲಿನಿಂದ ಬರೆದದ್ದು, ಬಾಯಿಗೆ ಬಂದದ್ದೆಲ್ಲವನ್ನೂ ಬೈದ. ಅವರ ಏಳು ತಲೆಮಾರನ್ನು ಎಬ್ಬಿಸಿ ಬೈದ. ಉಸಿರು ಹಾಕಲು ನಿಂತಾಗ ಆಚೆಯಿಂದ ಆ ಹೆಣ್ಣುದನಿ ಧನ್ಯವಾದ ಹೇಳಿತು.

ಶಂಶುದ್ದೀನ ರಸ್ತೆಯನ್ನೇ ನೋಡುತ್ತ ಹೇಳಿದ: "ನಲವತ್ತ ದಿನ. ಮುಂದ ಅದೂ ಮುಚ್ಚತೈತಿ."

ಫಕ್ಕೀರೇಶ ಎಣಿಸಿದ. ನಲವತ್ತು ದಿನ ಕಳೆದ ಮೇಲೆ, ಯಾವುದೋ ಊರಿನಲ್ಲಿ, ಯಾರದೋ ತಂಗಿ. ಅವಳ ಅಣ್ಣ ಫೋನು ಹಿಡಿದು ಏನು ಹೇಳುತ್ತಾನೆ? ಯಾವ ದನಿ ಉಳಿದಿರುತ್ತದೆ ಅವನಿಗೆ?

ಆಸ್ಪತ್ರೆಯ ಮೊಗಸಾಲೆಯಲ್ಲಿ ನರ್ಸು ಅವನನ್ನು ತಡೆದು ಚಪ್ಪಟೆ ಮಾತಿನಲ್ಲಿ ಹೇಳಿದಳು. "ತಾಯಿ. ಬದುಕಿದ್ದಾರೆ. ಮಗು. ಇಲ್ಲ." ಹೇಳಿ ಕಣ್ಣು ತಗ್ಗಿಸಿದಳು. ಆಮೇಲೆ, ಕಿವಿಯ ಗುಂಡಿ ತೆಗೆದು ಅಂಗೈಯಲ್ಲಿ ಮುಚ್ಚಿಕೊಂಡು, ಬಲು ಮೆಲ್ಲಗೆ, "ಅರ್ಧ ತಾಸು ಮೊದಲ ಬಂದಿದ್ರ ಆಗ್ತಿತ್ತೇನೋರೀ, ಅಣ್ಣಾ" ಎಂದಳು.

ಗೋಡೆಯ ಪಕ್ಕದ ಬೆಂಚಿನ ಮೇಲೆ ನಿಂಬವ್ವ ಕೂತಿದ್ದಳು. ಸೀರೆಯ ನೆರಿಗೆಯಲ್ಲಿ ಒಣಗಿದ ಕಲೆ. ತುಟಿ ಅಲುಗುತ್ತಿತ್ತು. ಯಾವುದೋ ದೇವರ ನಾಮ ಹೇಳಿಕೊಳ್ಳುತ್ತಿದ್ದಾಳೆ ಎಂದುಕೊಂಡು ಅವನು ಹತ್ತಿರ ಹೋದ. ಅವಳು ಒಂದೊಂದೇ ಬೆರಳು ಮಡಚುತ್ತಿದ್ದಳು.

"ನಾನು. ಮುದುಕಿ. ಮಗಳು. ಎಂಟು ತಿಂಗಳು. ರಕ್ತ. ಗಾಡಿ." ಮತ್ತೆ ಮೊದಲಿನಿಂದ. "ನಾನು. ಮುದುಕಿ. ಮಗಳು." ಎಲ್ಲೂ ತಡವರಿಸಲಿಲ್ಲ. ರಗತ ಎನ್ನಲಿಲ್ಲ, ರಕ್ತ ಎಂದಳು. ಒಂದೊಂದು ಶಬ್ದವೂ ತೊಳೆದಿಟ್ಟ ಹಾಗಿತ್ತು.

ಫಕ್ಕೀರೇಶ ಅವಳ ಕಾಲ ಬಳಿ ಕುಸಿದ. "ಯವ್ವಾ, ನಿನ್ನ ಬಾಯಿದು ತಪ್ಪಿಲ್ಲ ಬೇ. ನಿನ್ನ ಮಾತು ಮಾರಿದಾಂವ ನಾನು. ನೀ ಫೋನ್ ಮಾಡಿದ್ದು ನನ್ನ ಕಿವ್ಯಾಗ ಬಿದ್ದಿತ್ತು. ನಾನ ಕೇಳೀನಿ. ಕೇಳಿ ನಕ್ಕೀನಿ. ಸುಳ್ಳು ಅಂತ ಎರಡ ಸಲ ಗುಂಡಿ ಒತ್ತೀನಿ. ನನ್ನ ಬೆರಳ ಕತ್ತರಸ. ಗಾಡಿ ಕಳಸಿದಾಂವ ಆಕಳಿಸಿದ್ನಂತ ಅಂದಿರಬೇಕು ಆ ಡ್ರೈವರ್, ಆ ಹಲ್ಕಟ್ಟನೂ ನಾನ. ಕಸ್ತೂರಿ ನನಗ ಏನೂ ಆಗಬೇಕಿಲ್ಲ ಅಂತ ಹೇಳೀನಿ. ಬೈಯವ್ವಾ ನನಗ."

ನಿಂಬವ್ವ ಅವನ ಮುಖ ನೋಡಿದಳು.

"ಬೈಯಬೇ! ಉಗುಳ! ಒದಿ! ಹುಟ್ಟಿದ ದಿನಾನ ಕುತ್ತಿಗಿ ಹಿಚಕಬೇಕಿತ್ತು ಅನ್ನು!" ಮೊಗಸಾಲೆಯ ಮಂದಿ ತಿರುಗಿ ನೋಡಿ, ಕಿವಿಗುಂಡಿಗಳನ್ನು ಸರಿಮಾಡಿಕೊಂಡು, ಮತ್ತೆ ಗೋಡೆಯ ಕಡೆ ತಿರುಗಿದರು.

ಅವಳ ಗಂಟಲಲ್ಲಿ ಏನೋ ಎದ್ದಿತು. ಎದೆ ಉಬ್ಬಿತು, ಕುತ್ತಿಗೆಯ ನರ ಬಿಗಿಯಿತು. ಈಗ ಬರುತ್ತದೆ, ಈಗ, ಎಂದು ಫಕ್ಕೀರೇಶ ಮುಖ ಒಡ್ಡಿದ. ಬಂದದ್ದು ಕೆಮ್ಮು. ಅವಳು ಸೆರಗು ಬಾಯಿಗೆ ತುರುಕಿಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ಹಿಡಿದು, ಅದನ್ನೂ ನುಂಗಿದಳು. ಆಮೇಲೆ ಸೆರಗು ತೆಗೆದು, ತುಟಿ ಒರೆಸಿಕೊಂಡು, ಪಕ್ಕದಲ್ಲಿದ್ದ ಜಾಗವನ್ನು ಅಂಗೈಯಿಂದ ತೋರಿಸಿದಳು.

"ನೀನು. ಬಂದೆ," ಎಂದಳು. "ಒಳ್ಳೆಯದು. ಕುಳಿತುಕೋ."